ಗಳದ ಬಲ, ತೋಳ ಬಲ



ತುಂಗಭದ್ರಾ ಅಣೆಕಟ್ಟಿನ ಕೆಳಗಿನ ಸೀಮೆಯಲ್ಲಿ ಕಾಲುನಡಿಗೆಯಿಂದ ಹೊರಟವನಿಗೆ ಮತ್ತೆ ಮತ್ತೆ ಅಡ್ಡ ಬರುವುದು ಕಾಲುವೆ. ದೊಡ್ಡ ಕಾಲುವೆಗೆ ಸೇತುವೆಯುಂಟು. ತೂಬಿನಿಂದ ಹೊರಟು ಗದ್ದೆಗಳ ನಡುವೆ ಹರಿಯುವ ಮರಿಗಾಲುವೆಗಳಿಗೆ ಅಂಥದೇನೂ ಇಲ್ಲ. ಇದ್ದರೆ ಒಂದು ತೆಂಗಿನ ಬೊಡ್ಡೆ, ಅದೂ ಅರ್ಧ ಫರ್ಲಾಂಗು ಆಚೆ. ಹೊಸಪೇಟೆಯಿಂದ ಕಂಪ್ಲಿಯ ಕಡೆಗೆ ಬತ್ತ, ಕಬ್ಬು, ಬಾಳೆಗಳ ನಡುವೆ ಬೆಳೆದ ನಮ್ಮ ಕಾಲದ ಹುಡುಗರು ಇದಕ್ಕೆ ಕಂಡುಕೊಂಡಿದ್ದ ಉಪಾಯ ಸರಳವಾದುದು. ಬಾಳೆಗೆ ಆನಿಕೆ ಕೊಡಲು ತಂದಿರಿಸಿದ ಬಿದಿರ ಗಳವೊಂದನ್ನು ಕೈಗೆತ್ತಿಕೊಳ್ಳುವುದು, ಹತ್ತು ಹೆಜ್ಜೆ ಓಡುವುದು, ಗಳದ ತುದಿಯನ್ನು ನೀರಿನ ನಡುವೆ ಊರುವುದು, ದೇಹವನ್ನು ಅದಕ್ಕೊಪ್ಪಿಸಿ ಆಚೆಯ ದಂಡೆಯಲ್ಲಿ ಇಳಿಯುವುದು. ತಳದಲ್ಲಿ ಕೆಸರು ಹೆಚ್ಚಾಗಿದ್ದರೆ ಗಳ ಅಲ್ಲಿಯೇ ನೆಟ್ಟಗೆ ನಿಲ್ಲುತ್ತದೆ. ಅದನ್ನು ಅಪ್ಪಿಕೊಂಡವನೂ ಒಂದು ಗಳಿಗೆ ನಡುಗಾಲುವೆಯಲ್ಲಿ ನಿಂತು, ಆಮೇಲೆ ಸಾವಕಾಶವಾಗಿ ನೀರಿಗೆ ಇಳಿಯುತ್ತಾನೆ. ಹಾಗೆ ಇಳಿದವರಲ್ಲಿ ನಾನೂ ಒಬ್ಬ.

ಇಂದು ಜಗತ್ತಿನ ದೊಡ್ಡ ಕ್ರೀಡಾಂಗಣಗಳಲ್ಲಿ ಪೋಲ್‌ವಾಲ್ಟ್ ಎಂದು ಕರೆಯಿಸಿಕೊಳ್ಳುವ ಸ್ಪರ್ಧೆ ಹುಟ್ಟಿದ್ದು ಇಂಥ ಕಾಲುವೆಯ ದಂಡೆಯಲ್ಲಿಯೇ. ನೆದರ್ಲೆಂಡ್ಸಿನ ಫ್ರೀಸ್‌ಲಾಂಡ್ ಪ್ರಾಂತ, ಇಂಗ್ಲೆಂಡಿನ ಪೂರ್ವಭಾಗದ ಜೌಗು ನೆಲ, ಇವೆರಡೂ ಕಾಲುವೆ ತೋಡಿಯೇ ಬದುಕಬೇಕಾದ ಪ್ರದೇಶಗಳು. ಅಲ್ಲಿನ ರೈತರು ಮನೆಯಲ್ಲಿ ಒಂದು ಉದ್ದನೆಯ ಕೋಲನ್ನು ಇಟ್ಟುಕೊಂಡಿರುತ್ತಿದ್ದರು. ಫ್ರೀಸ್‌ಲಾಂಡಿನಲ್ಲಿ ಈ ಕಾಲುವೆ ಜಿಗಿತ ಈಗಲೂ ಪಂದ್ಯವಾಗಿ ಉಳಿದಿದೆ. ಅಲ್ಲಿ ಅಳೆಯುವುದು ಎತ್ತರವನ್ನಲ್ಲ, ದೂರವನ್ನು. ಕಾಲುವೆಯನ್ನು ಬಿಟ್ಟು ಬಯಲಿಗೆ ಬಂದು, ಅಡ್ಡಪಟ್ಟಿಯೊಂದನ್ನು ಕಟ್ಟಿ, ಅದರ ಮೇಲಿನಿಂದ ಹಾರುವ ಅಭ್ಯಾಸವನ್ನು ವ್ಯಾಯಾಮಶಾಲೆಗೆ ತಂದವರು ಜರ್ಮನರು. ಗುಟ್ಸ್‌ಮುತ್ಸ್ ಎಂಬ ಉಪಾಧ್ಯಾಯ 1793ರಲ್ಲಿ ಪ್ರಕಟಿಸಿದ ವ್ಯಾಯಾಮಗ್ರಂಥದಲ್ಲಿ ಅದರ ವಿವರಣೆಯುಂಟು.

ಈ ಆಟದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎತ್ತರಗಳ ಪಟ್ಟಿಯೊಂದನ್ನು ಕೊಟ್ಟು ಮುಗಿಸುತ್ತಾರೆ. 1896ರಲ್ಲಿ ಇಷ್ಟು, 1936ರಲ್ಲಿ ಅಷ್ಟು, ಈಗ ಮತ್ತಷ್ಟು. ನನಗೆ ಅದು ಒಂದು ದೀರ್ಘ ವ್ಯಾಜ್ಯದ ಚರಿತ್ರೆಯಾಗಿ ಕಾಣುತ್ತದೆ. ಓಟಗಾರನಿಗೆ ಕಾಲುಂಟು, ಕುಸ್ತಿಪಟುವಿಗೆ ತೋಳುಂಟು. ಗೆದ್ದದ್ದು ಯಾರ ಬಲದಿಂದ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ಮಾತ್ರ ಕೇಳದೆ ವಿಧಿಯಿಲ್ಲ. ಪಟ್ಟಿಯನ್ನು ದಾಟಿಸಿದ್ದು ತೋಳೋ, ಕೈಯಲ್ಲಿದ್ದ ಗಳವೋ? ಈ ಪ್ರಶ್ನೆಯ ಮೇಲೆ ಪದಕಗಳು ಕೈಬದಲಾಯಿಸಿವೆ, ದಾಖಲೆಗಳು ಸಂಶಯಕ್ಕೆ ಗುರಿಯಾಗಿವೆ, ಒಂದೆರಡು ಜೀವನಗಳ ದಿಕ್ಕೂ ತಪ್ಪಿದೆ.

ಮೊದಲ ವ್ಯಾಜ್ಯ ಹುಟ್ಟಿದ್ದು ಇಂಗ್ಲೆಂಡಿನ ಉಲ್ವರ್‌ಸ್ಟನ್ ಎಂಬ ಸಣ್ಣ ಊರಿನವರಿಂದ. 19ನೆಯ ಶತಮಾನದಲ್ಲಿ ಗಳವೆಂದರೆ ಗಟ್ಟಿಮರದ ಭಾರವಾದ ದಂಡ, ತುದಿಯಲ್ಲಿ ಕಬ್ಬಿಣದ ಮೊಳೆ. ಉಲ್ವರ್‌ಸ್ಟನ್ನಿನ ಪಟುಗಳು ಅದನ್ನು ನೆಲಕ್ಕೆ ಊರಿ ಮೇಲೆದ್ದ ಮೇಲೆ, ದಂಡ ನೆಟ್ಟಗೆ ನಿಂತಿರುವ ಆ ಒಂದೆರಡು ಕ್ಷಣಗಳಲ್ಲಿ ಕೈಮೇಲೆ ಕೈಯಿಟ್ಟು ಅದನ್ನೇ ಹತ್ತುತ್ತಿದ್ದರು. ತುದಿ ಮುಟ್ಟಿದ ಮೇಲೆ ಪಟ್ಟಿಯನ್ನು ದಾಟುತ್ತಿದ್ದರು. ಅವರಲ್ಲಿ ಹೆಸರಾಂತ ಟಾಮ್ ರೇ 1887ರಲ್ಲಿ ಅಮೆರಿಕಕ್ಕೂ ಹೋಗಿ ಗೆದ್ದುಬಂದ. ಅಮೆರಿಕದವರಿಗೆ ಇದು ಹಾರುವುದಲ್ಲ, ಹತ್ತುವುದು ಎನಿಸಿತು. ಮೇಲಿನ ಕೈಯನ್ನು ಇನ್ನೂ ಮೇಲಕ್ಕೆ ಸರಿಸಕೂಡದೆಂಬ ನಿಯಮ ಆ ಶತಮಾನ ಮುಗಿಯುವುದರೊಳಗೆ ಬಂದಿತು. ಈಗಲೂ ಅದೇ ನಿಯಮ. ಹತ್ತುವುದನ್ನೇ ವಿದ್ಯೆಯಾಗಿಸಿದ ಮಲ್ಲಕಂಬ ನಮ್ಮಲ್ಲಿರುವುದರಿಂದ ಈ ಕೋಪ ನಮಗೆ ವಿಚಿತ್ರವಾಗಿ ಕಂಡೀತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯೇ ಕಂಬದ ಸಾಧನೆಯ ಪ್ರಸ್ತಾಪವಿದೆ, ಲಕ್ಷ್ಮೇಶ್ವರ, ಗದಗುಗಳ ಮಕ್ಕಳು ಈಗಲೂ ಅದನ್ನು ಕಲಿಯುತ್ತಾರೆ. ಉಲ್ವರ್‌ಸ್ಟನ್ನಿನವರು ಇತ್ತ ಹುಟ್ಟಿದ್ದರೆ ಅವರಿಗೆ ಅನ್ಯಾಯವಾಗುತ್ತಿರಲಿಲ್ಲ.

1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಅಮೆರಿಕದ ವಿಲಿಯಂ ಹಾಯ್ಟ್ 3.30 ಮೀಟರು ಹಾರಿ ಗೆದ್ದ. ಅಂದಿನಿಂದ 1968ರವರೆಗೆ ಒಲಿಂಪಿಕ್ಸಿನ ಈ ಸ್ಪರ್ಧೆಯನ್ನು ಅಮೆರಿಕದವರಲ್ಲದೆ ಬೇರೆ ಯಾರೂ ಗೆಲ್ಲಲಿಲ್ಲ. 1908ರ ಲಂಡನ್ನಿನಲ್ಲಿ ಎಡ್ವರ್ಡ್ ಕುಕ್, ಆಲ್ಫ್ರೆಡ್ ಗಿಲ್ಬರ್ಟ್ ಎಂಬ ಇಬ್ಬರು 3.71 ಮೀಟರಿನಲ್ಲಿ ಸಮನಾಗಿ ನಿಂತರು. ಇಬ್ಬರಿಗೂ ಚಿನ್ನದ ಪದಕ ಕೊಡಲಾಯಿತು. ಈ ಗಿಲ್ಬರ್ಟ್ ಆಮೇಲೆ ಮಕ್ಕಳಿಗಾಗಿ ಕಬ್ಬಿಣದ ತುಂಡುಗಳನ್ನು ಜೋಡಿಸಿ ಸೇತುವೆ, ಕ್ರೇನು ಕಟ್ಟುವ ಆಟಿಕೆಯನ್ನು ತಯಾರಿಸಿ ಶ್ರೀಮಂತನಾದ. ಪೋಲ್‌ವಾಲ್ಟಿಗೆ ಬಿದಿರನ್ನು ತಂದವರಲ್ಲಿ ಮುಖ್ಯನೆಂಬ ಕೀರ್ತಿಯೂ ಅವನದೇ.

ಬಿದಿರು ಬಂದುದರಿಂದ ಏನಾಯಿತೆಂಬುದನ್ನು ತಿಳಿಯಲು ಈ ಹಾರಾಟದ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮ ಸೀಮೆಯವರಿಗೆ ಅದು ಕಷ್ಟವಲ್ಲ. ಅಣೆಕಟ್ಟಿನ ಬುಡದಲ್ಲಿ ವಿದ್ಯುದಾಗಾರವಿದೆ. ಮೇಲೆ ನಿಂತ ನೀರು ಕೆಳಕ್ಕೆ ಬೀಳುತ್ತದೆ. ಎತ್ತರವು ವೇಗವಾಗಿ ಮಾರ್ಪಟ್ಟು ಚಕ್ರ ತಿರುಗುತ್ತದೆ. ಗಳ ಹಿಡಿದು ಓಡುವವನು ಮಾಡುವುದು ಇದನ್ನೇ ತಿರುವುಮುರುವಾಗಿ: ವೇಗವನ್ನು ಎತ್ತರವಾಗಿಸುವುದು. ಸೆಕೆಂಡಿಗೆ 10 ಮೀಟರು ವೇಗದಲ್ಲಿ ಓಡಿಬಂದವನ ಶಕ್ತಿ ಒಂದಿಷ್ಟೂ ಸೋರಿಹೋಗದಿದ್ದರೆ ಅವನ ದೇಹ ಸುಮಾರು 5.1 ಮೀಟರು ಮೇಲಕ್ಕೇರಬೇಕೆಂದು ಗಣಿತ ಹೇಳುತ್ತದೆ. ದೇಹದ ಭಾರಕೇಂದ್ರ ಓಡುವಾಗಲೇ ನೆಲದಿಂದ ಒಂದು ಮೀಟರಿನ ಆಸುಪಾಸಿನಲ್ಲಿರುವುದರಿಂದ ಒಟ್ಟು 6.1 ಮೀಟರು. ಇದರ ಮೇಲೆ ನೆಗೆತದಿಂದ, ತೋಳುಗಳ ನೂಕಿನಿಂದ ಗಳಿಸಿದ್ದು ಲಾಭ, ಸೋರಿದ್ದು ನಷ್ಟ.

ಸೋರುವುದು ಎಲ್ಲಿ? ಗಳವನ್ನು ಊರುವ ಕ್ಷಣದಲ್ಲಿ. ಬಗ್ಗದ ದಂಡವನ್ನು ಓಟದ ಭರದಲ್ಲಿ ನೆಲಕ್ಕೆ ಚುಚ್ಚಿದರೆ ಗೋಡೆಗೆ ಡಿಕ್ಕಿ ಹೊಡೆದಂತೆ. ಆ ಪೆಟ್ಟು ಭುಜ, ಬೆನ್ನುಗಳ ಮೂಲಕ ಇಳಿದುಹೋಗುತ್ತದೆ. ವೇಗದ ಒಂದು ಪಾಲು ಅಲ್ಲಿಯೇ ಮಣ್ಣುಪಾಲು. ದಂಡದ ಮೇಲುಭಾಗದಲ್ಲಿ ಹಿಡಿದಷ್ಟೂ ಅದನ್ನು ನೆಟ್ಟಗೆ ಎಬ್ಬಿಸುವುದು ಕಷ್ಟ. ಆದ್ದರಿಂದ ಆ ಕಾಲದ ಪಟುಗಳು ಸುಮಾರು 4 ಮೀಟರಿಗಿಂತ ಮೇಲೆ ಕೈಯಿಡಲಾರದವರಾಗಿದ್ದರು. ಬಿದಿರು ಮರಕ್ಕಿಂತ ಹಗುರ. ಹಿಡಿದು ಓಡಲು ಸುಲಭ. ಅದಕ್ಕೆ ಇನ್ನೊಂದು ಗುಣವುಂಟು. ಆನೆಗೊಂದಿಯ ಕಡವಿನಲ್ಲಿ ನೀರು ಕಡಿಮೆಯಿರುವಾಗ ಹರಿಗೋಲನ್ನು ಗಳವೂರಿ ನೂಕುವವನನ್ನು ಗಮನಿಸಿ. ಗಳ ತುಸುವೇ ತುಸು ಬಾಗುತ್ತದೆ, ಮರುಕ್ಷಣ ನೆಟ್ಟಗಾಗುತ್ತದೆ. ಕೊಟ್ಟ ಬಲವನ್ನು ಬಿದಿರು ಇಟ್ಟುಕೊಳ್ಳುವುದಿಲ್ಲ, ಹಿಂದಿರುಗಿಸುತ್ತದೆ. ನಿಜ, ಸಾಲವನ್ನು ಪೂರ್ತಿ ತೀರಿಸುವಷ್ಟಲ್ಲ.

ಮರದಿಂದ ಬಿದಿರಿಗೆ ಬಂದಂತೆ ತುದಿಯ ಮೊಳೆ ಹೋಯಿತು. ನೆಲದಲ್ಲಿ ಗುಳಿ ತೋಡುವ ರೂಢಿ ಬಂದಿತು. 1920ರ ದಶಕದಲ್ಲಿ ಗುಳಿಯ ಸ್ಥಾನಕ್ಕೆ ಇಳಿಜಾರಾದ ಪೆಟ್ಟಿಗೆ ಬಂದಿತು. ಈಗ ಅದರ ಆಳ 20 ಸೆಂಟಿಮೀಟರು. ಓಡಿಬಂದವನು ಕಣ್ಣಿನಿಂದ ನೋಡದೆ ಆ ಇಕ್ಕಟ್ಟಿನೊಳಕ್ಕೆ ಗಳದ ತುದಿಯನ್ನು ಇಳಿಸಬೇಕು. 1912ರ ಜೂನ್ ತಿಂಗಳಲ್ಲಿ ಅಮೆರಿಕದ ಮಾರ್ಕ್ ರೈಟ್ 4.02 ಮೀಟರು ದಾಟಿದ. ಅಂತರರಾಷ್ಟ್ರೀಯ ಸಂಸ್ಥೆ ಮಾನ್ಯ ಮಾಡಿದ ಮೊದಲ ವಿಶ್ವದಾಖಲೆ ಅದು.

ಬಿದಿರಿನ ಯುಗದ ಕಥೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು 1936ರ ಆಗಸ್ಟ್ 5ರ ಸಂಜೆಯದು. ಬರ್ಲಿನ್ನಿನ ಕ್ರೀಡಾಂಗಣ, ಮಧ್ಯಾಹ್ನಕ್ಕೆ ಮೊದಲಾದ ಅಂತಿಮ ಸ್ಪರ್ಧೆ ಕತ್ತಲಾದರೂ ಮುಗಿಯಲಿಲ್ಲ. ದೀಪಗಳನ್ನು ಹೊತ್ತಿಸಿದರು. ಹವೆ ತಂಪೇರಿತ್ತು. ಅಮೆರಿಕದ ಅರ್ಲ್ ಮೆಡೋಸ್ 4.35 ಮೀಟರು ದಾಟಿ ಮೊದಲಿಗನಾದ. ಜಪಾನಿನ ಶುಹೈ ನಿಶಿದಾ, ಸುಯೆವೊ ಓಯೆ ಇಬ್ಬರೂ 4.25ರಲ್ಲಿ ನಿಂತರು. ನಿಶಿದಾ ವಾಸೆದಾ ವಿಶ್ವವಿದ್ಯಾನಿಲಯದವನು, ಹಿಂದಿನ ಒಲಿಂಪಿಕ್ಸಿನಲ್ಲಿಯೂ ಬೆಳ್ಳಿ ಗೆದ್ದವನು. ಓಯೆ ಅವನಿಗಿಂತ ಕಿರಿಯ, ಕೆಯೊ ವಿಶ್ವವಿದ್ಯಾನಿಲಯದವನು. ಎರಡನೆಯ ಸ್ಥಾನಕ್ಕಾಗಿ ಮತ್ತೆ ಹಾರಿ ತೀರ್ಮಾನಿಸಿಕೊಳ್ಳಿ ಎಂದಾಗ ಗೆಳೆಯರಿಬ್ಬರೂ ಒಲ್ಲೆವೆಂದರು. ಪುಸ್ತಕದಲ್ಲಿ ಒಂದು ಹೆಸರನ್ನು ಮೇಲೆ, ಇನ್ನೊಂದನ್ನು ಕೆಳಗೆ ಬರೆಯಲೇಬೇಕಲ್ಲ? 4.25ನ್ನು ಕಡಮೆ ಪ್ರಯತ್ನಗಳಲ್ಲಿ ದಾಟಿದ ನಿಶಿದಾನಿಗೆ ಬೆಳ್ಳಿ, ಓಯೆಗೆ ಕಂಚು ಎಂದಾಯಿತು. ಊರಿಗೆ ಮರಳಿದ ಮೇಲೆ ಅವರು ಎರಡೂ ಪದಕಗಳನ್ನು ನಡುವಿಗೆ ಸೀಳಿಸಿ, ಅರ್ಧ ಬೆಳ್ಳಿಗೆ ಅರ್ಧ ಕಂಚನ್ನು ಬೆಸೆಯಿಸಿ, ಆಳಿಗೊಂದರಂತೆ ಇಟ್ಟುಕೊಂಡರು. ಜಪಾನಿನಲ್ಲಿ ಅವುಗಳಿಗೆ ‘ಗೆಳೆತನದ ಪದಕ’ಗಳೆಂದು ಹೆಸರು.

ಇಷ್ಟನ್ನು ಅನೇಕರು ಕೇಳಿದ್ದೀರಿ. ಮುಂದಿನದನ್ನು ಅಷ್ಟಾಗಿ ಹೇಳುವುದಿಲ್ಲ. ಓಯೆ ಸೈನ್ಯಕ್ಕೆ ಸೇರಿದ. 1941ರ ಡಿಸೆಂಬರಿನಲ್ಲಿ ಯುದ್ಧದಲ್ಲಿ ಮಡಿದ. ನಿಶಿದಾ ಬದುಕಿ ಉಳಿದ. ಹತ್ತು ವರ್ಷಗಳ ತರುವಾಯ, 1951ರ ಮಾರ್ಚ್ ತಿಂಗಳಲ್ಲಿ, ನಮ್ಮ ದೆಹಲಿಯಲ್ಲಿ ಮೊದಲನೆಯ ಏಷ್ಯನ್ ಕ್ರೀಡಾಕೂಟ ನಡೆದಾಗ ಜಪಾನಿನ ತಂಡದಲ್ಲಿ ಅವನೂ ಇದ್ದ. ಆಗ ವಯಸ್ಸು ನಲವತ್ತು. ಯುದ್ಧದ ಕಾರಣದಿಂದ 1948ರ ಒಲಿಂಪಿಕ್ಸಿಗೆ ಜಪಾನಿಗೆ ಕರೆಯೇ ಬಂದಿರಲಿಲ್ಲ. ಸ್ವತಂತ್ರ ಭಾರತ ಕರೆದಿತ್ತು. ಪೋಲ್‌ವಾಲ್ಟಿನ ಚಿನ್ನ ಅವನ ದೇಶದವನೇ ಆದ ಸವಾದಾಗೆ ಸಂದಿತು. ನಿಶಿದಾ ಕಂಚಿನ ಪದಕವನ್ನು ಪಡೆದ. ಈ ಬಾರಿ ಅದು ಇಡಿಯಾದ ಕಂಚು. ಅದನ್ನು ಕೈಗೆ ತೆಗೆದುಕೊಂಡಾಗ ಅವನಿಗೆ ಏನನಿಸಿತೋ, ಊಹಿಸುವ ಕೆಲಸವನ್ನು ನಿಮಗೆ ಬಿಡುತ್ತೇನೆ.

ಯುದ್ಧ ಕೆಡಿಸಿದ ಇನ್ನೊಂದು ಜೀವನ ಕಾರ್ನೀಲಿಯಸ್ ವಾರ್ಮರ್‌ಡ್ಯಾಮನದು. (ಹೆಸರಿನಲ್ಲಿಯೇ ಡ್ಯಾಂ ಇರುವುದರಿಂದ ನಮ್ಮ ಟಿ.ಬಿ. ಡ್ಯಾಮಿನವರಿಗೆ ಅವನ ಮೇಲೆ ಸ್ವಲ್ಪ ಹೆಚ್ಚು ಅಭಿಮಾನವಿದ್ದರೆ ತಪ್ಪಿಲ್ಲ.) ನೆದರ್ಲೆಂಡ್ಸಿನಿಂದ ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿದ ರೈತರ ಮಗ, ಹೊಲದ ಬದಿಯಲ್ಲಿ ಹಾರುವುದನ್ನು ಕಲಿತವನು. 1940ರ ಏಪ್ರಿಲಿನಲ್ಲಿ ಬಿದಿರ ಗಳ ಹಿಡಿದು 15 ಅಡಿ ದಾಟಿದ. ಅಲ್ಲಿಯವರೆಗೆ ಯಾರೂ ದಾಟಿರದ ಎತ್ತರ. ಮುಂದೆ ಅದನ್ನು 43 ಬಾರಿ ದಾಟಿದ, 1942ರಲ್ಲಿ 4.77 ಮೀಟರಿನವರೆಗೂ ಹೋದ. ಆ ದಾಖಲೆಯನ್ನು ಮುರಿಯಲು 1957 ಬರಬೇಕಾಯಿತು. ಮುರಿದದ್ದೂ ಲೋಹದ ಗಳ, ಅದೂ ಒಂದೇ ಒಂದು ಸೆಂಟಿಮೀಟರಿನಿಂದ. ಆದರೆ 1940, 1944ರ ಒಲಿಂಪಿಕ್ಸ್ ಎರಡೂ ನಡೆಯಲಿಲ್ಲ. ಜಗತ್ತಿನಲ್ಲಿ ಸಮಾನರೇ ಇಲ್ಲದಿದ್ದ ಈತನಿಗೆ ಒಲಿಂಪಿಕ್ ಕ್ರೀಡಾಂಗಣದಲ್ಲಿ ಒಮ್ಮೆಯೂ ಹಾರುವ ಯೋಗ ಕೂಡಿಬರಲಿಲ್ಲ.

ಯುದ್ಧದಿಂದ ಜಪಾನಿನ ಬಿದಿರು ಅಮೆರಿಕಕ್ಕೆ ಬರುವುದು ನಿಂತಿತು. ಅಲ್ಯುಮಿನಿಯಂ, ಉಕ್ಕುಗಳ ಕೊಳವೆ ಬಂದವು. 1948ರಲ್ಲಿ ಲಂಡನ್ನಿನ ಮಳೆಯಲ್ಲಿ ಗೆದ್ದ ಗಿನ್ ಸ್ಮಿತ್‌ನೇ ಬಿದಿರು ಹಿಡಿದು ಒಲಿಂಪಿಕ್ ಚಿನ್ನ ಗೆದ್ದವರಲ್ಲಿ ಕೊನೆಯವನು. ಬಾಬ್ ರಿಚರ್ಡ್ಸ್ ಎಂಬ ಪಾದ್ರಿ 1952, 1956ರಲ್ಲಿ ಎರಡು ಬಾರಿ ಗೆದ್ದ. 1960ರ ರೋಮಿನಲ್ಲಿ 4.70 ಮೀಟರಿನಿಂದ ಗೆದ್ದ ಡಾನ್ ಬ್ರ್ಯಾಗನಿಗೆ ಸಿನಿಮಾದಲ್ಲಿ ಟಾರ್ಜಾನನಾಗಬೇಕೆಂಬ ಆಸೆಯಿತ್ತು. ಗೆದ್ದ ಸಂತೋಷಕ್ಕೆ ಟಾರ್ಜಾನನಂತೆಯೇ ಕೂಗು ಹಾಕಿದನಂತೆ. ಲೋಹದ ಗಳಕ್ಕೆ ಅದೇ ಕೊನೆಯ ಚಿನ್ನ.

ಏಕೆಂದರೆ ಅಷ್ಟು ಹೊತ್ತಿಗೆ ಗಾಜಿನ ನಾರಿನ ಗಳ, ಫೈಬರ್‌ಗ್ಲಾಸ್, ಬಾಗಿಲು ತಟ್ಟುತ್ತಿತ್ತು. 1956ರಲ್ಲಿಯೇ ಗ್ರೀಸಿನ ಜಾರ್ಜಿಯೋಸ್ ರುಬಾನಿಸ್ ಅದರಿಂದ ಕಂಚು ಗೆದ್ದಿದ್ದ. ರಾಳದಲ್ಲಿ ಅದ್ದಿದ ಗಾಜಿನ ಎಳೆಗಳನ್ನು ಸುತ್ತಿ ಮಾಡಿದ ಈ ಗಳ ಬಿದಿರಿನಂತೆ ತುಸುವೇ ಬಾಗುವುದಲ್ಲ, ಬಿಲ್ಲಿನಂತೆ ಬಗ್ಗುತ್ತದೆ. ಓಟದ ವೇಗವೆಲ್ಲ ಆ ಬಾಗಿನಲ್ಲಿ ಒಂದು ಕ್ಷಣ ಅಡಗಿ ಕುಳಿತು, ನೆಟ್ಟಗಾಗುವಾಗ ಮೇಲ್ಮುಖವಾಗಿ ಹೊರಬರುತ್ತದೆ. ಭುಜಕ್ಕೆ ಪೆಟ್ಟಿಲ್ಲ. ಪೆಟ್ಟಿಲ್ಲದ್ದರಿಂದ ಗಳವನ್ನು ಇನ್ನೂ ಮೇಲೆ ಹಿಡಿಯಬಹುದು. ಈಗಿನ ಶ್ರೇಷ್ಠರು ಹಿಡಿಯುವುದು 5 ಮೀಟರಿಗೂ ಮೇಲೆ. ಬಹು ಮಂದಿ ತಿಳಿದಿರುವಂತೆ ಗಳ ಅವರನ್ನು ಕವಣೆಯ ಕಲ್ಲಿನಂತೆ ಎಸೆಯುವುದಿಲ್ಲ. ತನ್ನದೇ ಆದ ಶಕ್ತಿ ಅದರಲ್ಲಿ ಎಳ್ಳಷ್ಟೂ ಇಲ್ಲ. ಇಟ್ಟದ್ದನ್ನು ಕೊಡುತ್ತದೆ, ಅಷ್ಟೆ. ಆದರೆ ಕೊಡುವ ಹೊತ್ತಿಗೆ ತೆಗೆದುಕೊಳ್ಳುವವನು ತಲೆಕೆಳಗಾಗಿ, ಕಾಲು ಮೇಲೆ ಮಾಡಿ ಸಿದ್ಧನಾಗಿರಬೇಕು. ಆ ಕಲೆ ಹೊಸತು.

1962ರ ಫೆಬ್ರವರಿಯಲ್ಲಿ ಜಾನ್ ಯುಲ್ಸಸ್ ನ್ಯೂಯಾರ್ಕಿನಲ್ಲಿ 16 ಅಡಿ ದಾಟಿದಾಗ ಹಳಬರು ಕೆರಳಿದರು. ಇದು ಆಟವಲ್ಲ, ಯಂತ್ರ ಎಂದವರುಂಟು. ಆದರೆ ಪ್ರವಾಹ ನಿಲ್ಲಲಿಲ್ಲ. 1963ರ ಏಪ್ರಿಲಿನಲ್ಲಿ ಬ್ರಯನ್ ಸ್ಟರ್ನ್‌ಬರ್ಗ್ ಎಂಬ ಹತ್ತೊಂಬತ್ತರ ತರುಣ 5 ಮೀಟರು ಮುಟ್ಟಿದ. ಅದೇ ಜುಲೈಯಲ್ಲಿ, ಗಾಳಿಯಲ್ಲಿ ಪಲ್ಟಿ ಹೊಡೆಯುವ ಅಭ್ಯಾಸಕ್ಕಾಗಿ ಟ್ರಾಂಪೊಲಿನ್ನಿನ ಮೇಲೆ ಹಾರುತ್ತಿದ್ದಾಗ ಕತ್ತಿನ ಮೇಲೆ ಬಿದ್ದು, ಉಳಿದ ಆಯುಷ್ಯವನ್ನು ಗಾಲಿಕುರ್ಚಿಯಲ್ಲಿ ಕಳೆದ. ಎತ್ತರದ ಜೊತೆಗೆ ಬೀಳುವ ಅಪಾಯವೂ ಏರಿತ್ತು. ಮರಳು, ಮರದ ಹೊಟ್ಟುಗಳ ಗುಂಡಿಗೆ ಬದಲಾಗಿ ಫೋಮಿನ ದಪ್ಪ ಹಾಸು ಬಂದದ್ದು ಈ ದಶಕದಲ್ಲಿಯೇ. ಚರಿತ್ರೆಕಾರರು ಗಳವನ್ನು ಹೊಗಳಿ ಹಾಸನ್ನು ಮರೆಯುತ್ತಾರೆ. ಆರು ಮೀಟರಿನಿಂದ ಬೆನ್ನಡಿಯಾಗಿ ಮರಳಿನ ಮೇಲೆ ಬೀಳುವುದಾದರೆ ಎಂಥ ಗಳ ಕೊಟ್ಟರೂ ಯಾರು ಹಾರಿಯಾರು?

ಇಲ್ಲಿ ನನ್ನ ಗೆಳೆಯನೊಬ್ಬನ ಮಾತನ್ನು ಹೇಳಲೇಬೇಕು. ಇದೇ ಸೀಮೆಯ ಹುಡುಗ. ನನ್ನ ಹೈಸ್ಕೂಲಿನ ಸಹಪಾಠಿ. ನಾನು ಕಾಲುವೆಗೆ ಬಿದ್ದಲ್ಲಿ ಅವನು ದಾಟಿದವನು. 1960ರ ದಶಕದ ಕೊನೆಯ ವರ್ಷಗಳು. ಅವನ ಗಳ ಸಂತೆಯಲ್ಲಿ ಆರಿಸಿ ತಂದದ್ದು. ಗೆಣ್ಣುಗಳನ್ನು ಕುಡುಗೋಲಿನಿಂದ ಹೆರೆದು, ಹಿಡಿಯುವೆಡೆಗೆ ಸೈಕಲ್ ಟ್ಯೂಬು ಸುತ್ತಿ, ಎಣ್ಣೆಯುಣಿಸಿ ಬಿಸಿಲಿಗೆ ಹಾಕುತ್ತಿದ್ದ. ನದಿಯ ಮರಳಿನ ಗುಂಡಿಯಲ್ಲಿ ಹತ್ತು ಅಡಿಗೆ ಮೇಲೆ ಹಾರಿ ಜಿಲ್ಲಾಕೂಟದಲ್ಲಿ ಗೆದ್ದ. ರಾಜ್ಯ ಮಟ್ಟದ ಕೂಟವೊಂದಕ್ಕೆ ಕಳುಹಿಸಿದರು. ಬಸ್ಸಿನ ಮೇಲೆ ಗಳವನ್ನು ಕಟ್ಟಿಕೊಂಡು ಹೋದ. ಅಲ್ಲಿ ಮೊದಲ ಬಾರಿಗೆ ಫೈಬರ್‌ಗ್ಲಾಸ್ ಕಂಡ. ಅವನ ಬಿದಿರನ್ನು ನೋಡಿ ನಕ್ಕವರಿದ್ದರು. ಒಬ್ಬ ಪುಣ್ಯಾತ್ಮ ಮಾತ್ರ ತನ್ನ ಗಳವನ್ನೇ ಎರಡು ಹಾರಾಟಕ್ಕೆ ಕೊಟ್ಟ. ಮೊದಲನೆಯ ಬಾರಿ ಗಳ ಕೈಯೊಳಗೆ ಬಗ್ಗಿದ್ದನ್ನು ಕಂಡು, ಮುರಿದೇಹೋಯಿತೆಂದು ಹೆದರಿ ಬಿಟ್ಟುಬಿಟ್ಟ. ಎರಡನೆಯ ಬಾರಿ ಬಿಡಲಿಲ್ಲ. ಅದು ನೆಟ್ಟಗಾಗುವ ಹೊತ್ತಿಗೆ ಇವನಿನ್ನೂ ಬಿದಿರಿನ ಲೆಕ್ಕದಲ್ಲಿ ನೇತಾಡುತ್ತಿದ್ದ. ಬಂದ ದಾರಿಯಲ್ಲೇ ಹಿಂದಕ್ಕೆ ಬಿದ್ದ. ಮತ್ತೆ ತನ್ನ ಬಿದಿರನ್ನೇ ಹಿಡಿದು ತನ್ನ ಎತ್ತರವನ್ನೇನೋ ಹಾರಿದ. ಅದು ಅಲ್ಲಿ ಯಾವ ಲೆಕ್ಕಕ್ಕೂ ಬರಲಿಲ್ಲ. ಊರಿಗೆ ಮರಳಿದ ಮೇಲೆ ಆ ಗಳ ಅವರ ಹಿತ್ತಿಲಲ್ಲಿ ಹುಣಸೆ ಉದುರಿಸುವ ದೋಟಿಯಾಯಿತು.

ಗಳಕ್ಕಾಗಿ ಕಂಗೆಟ್ಟವರು ಹಳ್ಳಿಯ ಹುಡುಗರು ಮಾತ್ರವೇ ಎಂದು ಭಾವಿಸಬೇಡಿ. 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಅಮೆರಿಕದ ಬಾಬ್ ಸೀಗ್ರೆನ್ 5.40 ಮೀಟರಿನಿಂದ ಗೆದ್ದಿದ್ದ. 1972ರ ಜುಲೈಯಲ್ಲಿ 5.63 ಮೀಟರಿನ ವಿಶ್ವದಾಖಲೆಯನ್ನೂ ಮಾಡಿದ. ಕೈಯಲ್ಲಿದ್ದುದು ಹೊಸದಾಗಿ ತಯಾರಾದ, ಇನ್ನೂ ಹಗುರವಾದ ಗಳ. ಮ್ಯೂನಿಕ್ ಒಲಿಂಪಿಕ್ಸಿಗೆ ಕೆಲವು ವಾರಗಳಿರುವಾಗ ಅಂತರರಾಷ್ಟ್ರೀಯ ಸಂಸ್ಥೆ ಅದನ್ನು ನಿಷೇಧಿಸಿತು. ಈ ಗಳ ಹಿಂದಿನ ಹನ್ನೆರಡು ತಿಂಗಳು ಎಲ್ಲ ದೇಶದವರಿಗೂ ದೊರೆಯುವಂತಿರಲಿಲ್ಲ ಎಂಬುದು ಕಾರಣ. ಕೂಟ ಆರಂಭವಾಗುವ ಹೊತ್ತಿಗೆ ನಿಷೇಧ ರದ್ದಾಯಿತು. ಸ್ಪರ್ಧೆಗೆ ಒಂದೆರಡು ದಿನ ಉಳಿದಿರುವಾಗ ಮತ್ತೆ ಜಾರಿಗೆ ಬಂದಿತು! ಸೀಗ್ರೆನ್ ಅಭ್ಯಾಸವಿಲ್ಲದ ಗಳದಿಂದ 5.40 ಹಾರಿ ಎರಡನೆಯವನಾದ. ಪೂರ್ವ ಜರ್ಮನಿಯ ವೋಲ್ಫ್‌ಗಾಂಗ್ ನಾರ್ಡ್‌ವಿಗ್ 5.50 ದಾಟಿ ಚಿನ್ನ ಗೆದ್ದ. ಹಾರಾಟ ಮುಗಿಸಿದ ಸೀಗ್ರೆನ್ ನೇರವಾಗಿ ಸಂಸ್ಥೆಯ ಅಧಿಕಾರಿ ಆದ್ರಿಯಾನ್ ಪೌಲೆನ್ ಕುಳಿತಿದ್ದೆಡೆಗೆ ನಡೆದು, ಆ ಗಳವನ್ನು ಅವರ ಕೈಗೇ ಒಪ್ಪಿಸಿಬಂದ. 1896ರಿಂದ ಅಮೆರಿಕದವರ ಸ್ವತ್ತಾಗಿದ್ದ ಚಿನ್ನ ಅಂದು ಕೈಬಿಟ್ಟುಹೋಯಿತು.

ನಿಯಮ ಮಾಡಿದವರ ವಾದದಲ್ಲಿ ಹುರುಳಿಲ್ಲವೆ? ಎಲ್ಲರಿಗೂ ದೊರೆಯದ ಸಾಧನದಿಂದ ಗೆಲ್ಲುವುದು ಯಾವ ಗೆಲವು? ನನ್ನ ಗೆಳೆಯನನ್ನು ನೆನೆದಾಗ ನಾನು ಅವರ ಪಕ್ಷ. ಆದರೆ ಆ ನ್ಯಾಯಪ್ರಜ್ಞೆ ಸ್ಪರ್ಧೆಯ ಮುನ್ನಾದಿನ ಎಚ್ಚರಗೊಂಡದ್ದು ಸೋಜಿಗ. ಗಳ ಯಾವ ವಸ್ತುವಿನದಾದರೂ, ಎಷ್ಟು ಉದ್ದದ್ದಾದರೂ ಇರಬಹುದು, ಮೈ ಮಾತ್ರ ನಯವಾಗಿರಬೇಕು ಎಂಬುದು ಈಗಿನ ನಿಯಮ. ಬಿದಿರನ್ನು ಯಾರೂ ನಿಷೇಧಿಸಿಲ್ಲ!

ಆಮೇಲಿನ ಕಥೆಯನ್ನು ಬೇಗ ಹೇಳಬಹುದು. 1980ರ ಮಾಸ್ಕೊದಲ್ಲಿ ಪೋಲೆಂಡಿನ ಕೊಜಕೆವಿಚ್, ತನ್ನನ್ನು ಸಿಳ್ಳೆ ಹೊಡೆದು ಗೇಲಿ ಮಾಡುತ್ತಿದ್ದ ಸಭೆಯ ಮುಂದೆ 5.78 ಮೀಟರಿನ ವಿಶ್ವದಾಖಲೆ ಮಾಡಿ, ತೋಳು ಮಡಿಸಿ ಎಲ್ಲರಿಗೂ ಅರ್ಥವಾಗುವಂಥ ಉತ್ತರ ಕೊಟ್ಟ. 1983ರಲ್ಲಿ ಹೆಲ್ಸಿಂಕಿಯಲ್ಲಿ ಅಥ್ಲೆಟಿಕ್ಸಿನ ವಿಶ್ವ ಚಾಂಪಿಯನ್‌ಷಿಪ್ ಮೊದಲಾದಾಗ ಉಕ್ರೇನಿನ ಸರ್ಗೆಯ್ ಬುಬ್ಕಾ ಎಂಬ ಹತ್ತೊಂಬತ್ತರ ಹುಡುಗ 5.70ರಿಂದ ಗೆದ್ದ. 1997ರವರೆಗೆ ಒಂದೂ ಬಿಡದೆ ಆರು ವಿಶ್ವ ಚಾಂಪಿಯನ್‌ಷಿಪ್‌ಗಳು ಅವನವು. 1985ರ ಜುಲೈಯಲ್ಲಿ ಪ್ಯಾರಿಸ್ಸಿನಲ್ಲಿ 6 ಮೀಟರು ಮುಟ್ಟಿದ. ಒಳಾಂಗಣ, ಹೊರಾಂಗಣಗಳೆರಡೂ ಸೇರಿ 35 ವಿಶ್ವದಾಖಲೆ. ಒಂದೊಂದೇ ಸೆಂಟಿಮೀಟರು ಏರಿಸಿ, ಪ್ರತಿ ದಾಖಲೆಗೂ ಬಹುಮಾನದ ಹಣ ಪಡೆದನೆಂದು ಆಡಿಕೊಂಡವರುಂಟು. ಬಾವಿಯಲ್ಲಿ ನೀರಿದೆಯೆಂದು ಒಂದೇ ದಿನ ಬರಿದುಮಾಡುವ ರೈತನನ್ನು ನಾನು ಕಂಡಿಲ್ಲ. ಇಷ್ಟಾದರೂ ಒಲಿಂಪಿಕ್ ಚಿನ್ನ ಅವನಿಗೆ ಒಲಿದದ್ದು ಒಮ್ಮೆ ಮಾತ್ರ, 1988ರ ಸೋಲ್‌ನಲ್ಲಿ. 1992ರ ಬಾರ್ಸಿಲೋನದಲ್ಲಿ ಒಂದೂ ಎತ್ತರ ದಾಟದೆ ಹೊರನಡೆದ.

ಸ್ತ್ರೀಯರು ಕಾದ ಕಾಲವನ್ನು ಲೆಕ್ಕ ಹಾಕಿದರೆ ನಾಚಿಕೆಯಾಗಬೇಕು. ಪುರುಷರು ಅಥೆನ್ಸಿನಲ್ಲಿ ಹಾರಿದ 104 ವರ್ಷಗಳ ಮೇಲೆ, 2000ದ ಸಿಡ್ನಿಯಲ್ಲಿ ಅವರಿಗೆ ಒಲಿಂಪಿಕ್ಸಿನಲ್ಲಿ ಪ್ರವೇಶ ದೊರೆಯಿತು. ಒಂದು ವರ್ಷ ಹಿಂದೆ ಸೆವಿಲ್ಲಿನಲ್ಲಿ ಮೊದಲ ವಿಶ್ವ ಚಾಂಪಿಯನ್ ಆಗಿದ್ದ ಅಮೆರಿಕದ ಸ್ಟೇಸಿ ಡ್ರಗೀಲಾ ಸಿಡ್ನಿಯಲ್ಲಿಯೂ ಗೆದ್ದಳು. ಎರಡು ಬಾರಿಯೂ 4.60 ಮೀಟರು. ಐದೇ ವರ್ಷದೊಳಗೆ, 2005ರಲ್ಲಿ, ರಷ್ಯದ ಯೆಲೆನಾ ಇಸಿನ್ಬಯೇವಾ 5 ಮೀಟರು ದಾಟಿದಳು. 1963ರಲ್ಲಿ ಸ್ಟರ್ನ್‌ಬರ್ಗ್ ಮುಟ್ಟಿದ್ದ ಎತ್ತರ ಅದು. 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಕೇಟಿ ಮೂನ್, ಆಸ್ಟ್ರೇಲಿಯದ ನೀನಾ ಕೆನಡಿ ಇಬ್ಬರೂ 4.90ರಲ್ಲಿ ಸಮನಾದಾಗ ಮತ್ತೆ ಹಾರಲು ಒಪ್ಪದೆ ಚಿನ್ನವನ್ನು ಹಂಚಿಕೊಂಡರು. ಈಗ ನಿಯಮದಲ್ಲಿಯೇ ಅದಕ್ಕೆ ಅವಕಾಶವಿದೆ; ಪದಕ ಸೀಳಿಸಲು ಅಕ್ಕಸಾಲಿಗನನ್ನು ಹುಡುಕಬೇಕಾಗಿಲ್ಲ.

ಬುಬ್ಕಾನ ದಾಖಲೆಯನ್ನು 2014ರಲ್ಲಿ ಫ್ರಾನ್ಸಿನ ಲಾವಿಲೆನಿ ಮೀರಿದ. ಆಮೇಲೆ ಬಂದ ಸ್ವೀಡನ್ನಿನ ಆರ್ಮಂಡ್ ಡುಪ್ಲಾಂಟಿಸನದು ಬೇರೆಯೇ ಮಾತು. ತಂದೆ ಅಮೆರಿಕದವನು, ಸ್ವತಃ ಪೋಲ್‌ವಾಲ್ಟ್ ಪಟು. ಲೂಸಿಯಾನದ ಮನೆಯ ಹಿತ್ತಿಲಲ್ಲಿಯೇ ಓಟದ ದಾರಿ, ಹಾಸು ಎಲ್ಲವನ್ನೂ ಹಾಕಿಸಿದ್ದ. ಮಗು ನಡೆಯುವುದನ್ನೂ ಗಳ ಹಿಡಿಯುವುದನ್ನೂ ಹೆಚ್ಚುಕಡಮೆ ಒಟ್ಟಿಗೆ ಕಲಿಯಿತು. 2021ರ ಟೋಕಿಯೊ, 2024ರ ಪ್ಯಾರಿಸ್ ಎರಡು ಒಲಿಂಪಿಕ್ಸಿನಲ್ಲಿಯೂ ಗೆದ್ದು ಪಾದ್ರಿ ರಿಚರ್ಡ್ಸ್‌ನಿಗೆ ಸರಿಸಮನಾದ. 2025ರ ಸೆಪ್ಟೆಂಬರಿನಲ್ಲಿ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 6.30 ಮೀಟರು ದಾಟಿದ. ಅವನ ಓಟ ಸೆಕೆಂಡಿಗೆ 10 ಮೀಟರನ್ನು ಮುಟ್ಟುವಂಥದು. ಅಣೆಕಟ್ಟಿನ ಲೆಕ್ಕವನ್ನು ಮತ್ತೊಮ್ಮೆ ನೆನೆಯಿರಿ: ಗಣಿತ ಕೊಡುವ 6.1 ಮೀಟರನ್ನೂ ಮೀರಿದ್ದು ಅವನ ನೆಗೆತದ, ತೋಳುಗಳ ಸಂಪಾದನೆ. ಅದೇ ಬಗೆಯ ಗಳ ಈಗ ಕೊಳ್ಳಬಲ್ಲವರಿಗೆಲ್ಲ ದೊರೆಯುತ್ತದೆ, 6.30 ಎಲ್ಲರಿಗೂ ದೊರೆಯುವುದಿಲ್ಲ.

ನಮ್ಮ ದೇಶದಲ್ಲಿ? 2022ರ ಗಾಂಧಿನಗರದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ತಮಿಳುನಾಡಿನ ಎಸ್. ಶಿವ 5.31 ಮೀಟರು, ರೋಸಿ ಮೀನಾ ಪಾಲ್‌ರಾಜ್ 4.20 ಮೀಟರು ಹಾರಿದರು. 2025ರ ಡೆಹ್ರಾಡೂನ್ ಕೂಟದಲ್ಲಿ ಮಧ್ಯಪ್ರದೇಶದ ದೇವ್ ಮೀನಾ 5.32ಕ್ಕೆ ಏರಿಸಿದ. ಕರ್ನಾಟಕದಿಂದ ಖ್ಯಾತಿ ವಖಾರಿಯ, ಸಿಂಧುಶ್ರೀ ಮುಂತಾದವರು ರಾಷ್ಟ್ರೀಯ ಕೂಟಗಳಲ್ಲಿ ಹೆಸರು ಮಾಡಿದ್ದಾರೆ. ಜಗತ್ತಿನ ಎತ್ತರಕ್ಕೂ ನಮ್ಮದಕ್ಕೂ ಅಂತರ ಒಂದು ಮೀಟರಿನಷ್ಟು. ಗಳ ಆಮದಾಗಬೇಕು, ಒಬ್ಬನಿಗೆ ಒಂದು ಸಾಲದು, ತೂಕಕ್ಕೆ, ವೇಗಕ್ಕೆ ತಕ್ಕಂತೆ ಹಲವು ಬೇಕು. ಮುರಿಯದಂತೆ ಅವನ್ನು ರೈಲಿನಲ್ಲಿ ಸಾಗಿಸುವುದೇ ಒಂದು ಸಾಹಸ. ಹಾಸಿಲ್ಲದೆ ಅಭ್ಯಾಸವಿಲ್ಲ.

ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ, ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ, 2018ರಲ್ಲಿ ಒಂದು ದೊಡ್ಡ ಕ್ರೀಡಾಸಂಸ್ಥೆ ತೆರೆಯಿತು. 2023ರ ಮಾರ್ಚ್ 2ರಂದು ಅಲ್ಲಿಯೇ ಜೆಸ್ವಿನ್ ಆಲ್ಡ್ರಿನ್ 8.42 ಮೀಟರು ಉದ್ದಜಿಗಿತ ಮಾಡಿ ರಾಷ್ಟ್ರೀಯ ದಾಖಲೆ ಬರೆದ. ನಮ್ಮ ಕೆಮ್ಮಣ್ಣಿನ ನೆಲದಲ್ಲಿ ಅಂಥದೊಂದು ನಡೆದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ನನ್ನ ಗೆಳೆಯನಿಗೆ ಫೋನು ಮಾಡಿದ್ದೆ. ಅವನು ಈಗ ಮೊಮ್ಮಕ್ಕಳೊಂದಿಗನು. ಮಂಡಿನೋವಿನಿಂದ ಮನೆ ಬಿಟ್ಟು ಹೊರಡುವುದು ಕಡಮೆ. ಟೋಕಿಯೊದ 6.30ರ ಸುದ್ದಿ ಬಂದಾಗಲೂ ಮತ್ತೆ ಮಾತನಾಡಿದೆ. ಎತ್ತರದ ಅಂಕಿಯನ್ನು ಅವನು ಅಷ್ಟಾಗಿ ಗಮನಿಸಲಿಲ್ಲ.

“ಗಳ ಎಷ್ಟರಾಗ ಹಿಡಿದಿದ್ದನಂತಲೇ?” ಎಂದ.

ಐದು ಮೀಟರಿಗೆ ಮೇಲೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಮನಸ್ಸಿನಲ್ಲಿಯೇ ಮೀಟರನ್ನು ಅಡಿಗೆ ಇಳಿಸುತ್ತಿದ್ದನೆಂದು ತೋರುತ್ತದೆ. “ನಾನು ಒಂಬತ್ತೂವರೆ ಅಡಿಯಾಗ ಹಿಡಿತಿದ್ದೆ” ಎಂದು ಹೇಳಿ, ಟ್ಯೂಬು ಸುತ್ತಿದ ಆ ಜಾಗದ ಕೆಳಗಿನ ಗೆಣ್ಣು ಅಂಗೈಗೆ ಹೇಗೆ ಒತ್ತುತ್ತಿತ್ತೆಂಬುದನ್ನು ವಿವರಿಸತೊಡಗಿದ.